ಸೋಮ್ಲಿಬಾಯಿಯ ಹದಿನಾಲ್ಕು ಕೂಸುಗಳು

“ಹಾಡ್ರಿ! ಯಾಕ ಸುಮ್ಮನ ನಿಂತೀರಿ?” ದೇವಿಕಾ ಪಿಸುಗುಟ್ಟಿದಳು.

ಐದನೇ ಕ್ಲಾಸಿನ ದೇವಿಕಾ ಮೂರು ದಿನ ಕೂತು ತಾಂಡಾದ ಸಣ್ಣ ಮಕ್ಕಳಿಗೆ ಇಂಗ್ಲಿಷ್ ರೈಮ್ ಕಲಿಸಿದ್ದಳು. ಈಗ ತಪಾಸಣೆಗೆ ಯಾದಗಿರಿಯಿಂದ ಬಂದ ಅಧಿಕಾರಿ ಮೇಡಂ ಎದುರಿಗೇ ಕೂತಿದ್ದಾರೆ. ಒಬ್ಬರೂ ಬಾಯಿ ಬಿಡುತ್ತಿಲ್ಲ! ಅವಳ ನಾಲ್ಕು ವರ್ಷದ ತಮ್ಮ ಕಿಶನ್ ಅಂತೂ ಸೋಮ್ಲಿಬಾಯಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡ.

ಹುಣಸಗಿ ಹತ್ತಿರದ ಆ ಲಂಬಾಣಿ ತಾಂಡಾದಲ್ಲಿ ತಾಯಂದಿರೇ ಸಂಘ ಕಟ್ಟಿಕೊಂಡು ಕೂಸಿನ ಮನೆ ನಡೆಸುತ್ತಿದ್ದರು. ಅವರು ಕಾಲುವೆಯಾಚೆ ಭತ್ತದ ನಾಟಿಗೆ ಹೋದಾಗ ಮಕ್ಕಳನ್ನು ಸೋಮ್ಲಿಬಾಯಿ ನೋಡಿಕೊಳ್ಳುತ್ತಿದ್ದಳು. ಮಕ್ಕಳಿಗೆಲ್ಲ ಅವಳು ‘ದಾದಿ’, ಅಂದರೆ ಅಜ್ಜಿ. ಮನೆಮನೆಯಿಂದ ಜೋಳ, ಬೇಳೆ ಬರುತ್ತಿತ್ತು. ಈ ವರ್ಷ ಅದು ಸಾಲುತ್ತಿರಲಿಲ್ಲ.

ಮೇಡಂ ಒಪ್ಪಿದರೆ ಸರಕಾರದ ಅನುದಾನ ಸಿಗುತ್ತದೆ. ಇಲ್ಲದಿದ್ದರೆ ಕೂಸಿನ ಮನೆ ಬಂದ್. ಆಮೇಲೆ ಕಿಶನ್‌ನನ್ನು ನೋಡಿಕೊಳ್ಳಲು ದೇವಿಕಾ ಶಾಲೆ ಬಿಡಬೇಕು.

“ರಿಜಿಸ್ಟರ್ ಎಲ್ಲಿ?” ಮೇಡಂ ಕೇಳಿದರು.

“ಇಲ್ರೀ. ನನಗ ಓದಾಕ ಬರಂಗಿಲ್ಲ,” ಅಂದಳು ಸೋಮ್ಲಿಬಾಯಿ.

ನಾಚಿಕೆಯಿಂದ ದೇವಿಕಾಳ ಕಿವಿ ಬಿಸಿಯಾಯಿತು. ಎಲ್ಲಾ ಕೆಟ್ಟಿತು ಅಂದುಕೊಂಡಳು.

“ಹಂಗಾದ್ರ ಯಾವ ಮಗು ಹೆಂಗದ ಅಂತ ನಿಮಗ ಹೆಂಗ ಗೊತ್ತಾಗತದ?”

“ಕೇಳ್ರಿ ಮೇಡಂ. ಇವ ಕಿಶನ್. ಹೋದ ವರ್ಷ ದೂರದ ಅಂಗನವಾಡಿಗೆ ಕಳಿಸಿದ್ರು. ನಮ್ಮ ಲಂಬಾಣಿ ಮಾತಿನ್ಯಾಗ ನೀರು ಕೇಳ್ಯಾನ, ಅಲ್ಲಿ ಯಾರಿಗೂ ತಿಳಿದಿಲ್ಲ. ಇಡೀ ದಿನ ಒಣಗಿದ ಬಾಯಿಲೇ ಕುಂತು ಬಂದಾನ. ಮನ್ಯಾಗೂ ಹೇಳಿಲ್ಲ, ನನ್ನ ಮುಂದ ಹೇಳ್ಯಾನ. ಈಕಿ ಸುನಿತಾ, ಮೊಟ್ಟಿ ಹಳದಿ ಒಲ್ಲೆ ಅಂತಾಳ. ಹಿಚುಕಿ ಅನ್ನದಾಗ ಕಲಸಿದ್ರ ತಿಂತಾಳ. ಅವ್ವ ಪುಣೆಕ ದುಡಿಯಾಕ ಹೋಗ್ಯಾಳ. ಮಲಗೂ ಮುಂದ ಬೆನ್ನ ಮ್ಯಾಲೆ ಕೈ ಇಡಬೇಕ್ರಿ, ಇಲ್ಲಂದ್ರ ಅಳ್ತಾಳ…”

ಹದಿನಾಲ್ಕು ಮಕ್ಕಳ ಸುದ್ದಿಯೂ ಹೀಗೇ ಬಂತು. ಯಾರು ಸೊರಗಿದ್ದಾರೆ, ಯಾರಿಗೆ ಹಲ್ಲು ಬರುತ್ತಿದೆ, ಯಾರಿಗೆ ಗುಡುಗು ಅಂದರೆ ಭಯ. ಮೇಡಂ ಬರೆದರು, ಪುಟ ತಿರುಗಿಸಿದರು, ಮತ್ತೆ ಬರೆದರು.

ದೇವಿಕಾ ತಮ್ಮನನ್ನೇ ನೋಡುತ್ತಿದ್ದಳು. ಆ ನೀರಿನ ಸುದ್ದಿ ಅವಳಿಗೂ ಗೊತ್ತಿರಲಿಲ್ಲ.

“ಪಟ್ಟಣದಿಂದ ಒಬ್ಬ ಟೀಚರ್‌ನ ಕಳಿಸಿದ್ರ?” ಮೇಡಂ ಕೇಳಿದರು.

“ಬರ್ಲಿ ಬಿಡ್ರಿ. ಆದ್ರ ಮೊದಲ ನಮ್ಮ ಮಾತು ಕಲೀಲಿ,” ಅಂದಳು ಸೋಮ್ಲಿಬಾಯಿ.

ಮೇಡಂ ಪೆನ್ನು ಮುಚ್ಚಿ ನಕ್ಕರು.

ತಿಂಗಳಾದ ಮೇಲೆ ಪತ್ರ ಬಂತು. ಅನುದಾನ ತಾಂಡಾದ ಹೆಣ್ಣುಮಕ್ಕಳ ಸಂಘಕ್ಕೇ ಬರುತ್ತದೆ ಎಂದು ಬರೆದಿತ್ತು. ಕೂಸಿನ ಮನೆಯ ಮುಖ್ಯಸ್ಥೆ, ಸೋಮ್ಲಿಬಾಯಿ! ದೇವಿಕಾ ಪತ್ರ ಹಿಡಿದು ಕೂಸಿನ ಮನೆಗೆ ಓಡಿದಳು.

“ದಾದಿ, ಪತ್ರ ಬಂದದ! ಓದಲೇನು?”

ಸೋಮ್ಲಿಬಾಯಿ ತಲೆ ಎತ್ತಲಿಲ್ಲ. ಅಂದೇ ಹೊಸದಾಗಿ ಬಂದಿದ್ದ ಕೂಸೊಂದಕ್ಕೆ ಗಂಜಿ ಉಣಿಸುತ್ತಿದ್ದಳು. ಪ್ರತಿ ಚಮಚವನ್ನೂ ಊದಿ, ತನ್ನ ಕೈ ಹಿಂಬದಿಗೆ ತಾಗಿಸಿ ಬಿಸಿ ನೋಡಿ, ಆಮೇಲೆ ಕೊಡುತ್ತಿದ್ದಳು.

ದೇವಿಕಾ ಮತ್ತೆ ಕೂಗಲಿಲ್ಲ. ಪತ್ರ ಮಡಚಿಕೊಂಡು ಪಕ್ಕದಲ್ಲಿ ಕೂತಳು. ಬಟ್ಟಲು ಖಾಲಿಯಾಗುವ ತನಕ ಕಾದಳು.