ಪೆನ್ಸಿಲಿನಲ್ಲಿ ಬರೆದ ಸುಳ್ಳು

"ಏಯ್! ಆ ಮರ ಮುಟ್ಟಬೇಡಿ!"

ಕೂಗಿದ ಮೇಲೆಯೇ ಸ್ಮಿಲ್ಯಾಳಿಗೆ ಗೊತ್ತಾಗಿದ್ದು, ಕೊಂಬೆ ಬಗ್ಗಿಸಿ ನಿಂತವನು ಯಾರೆಂದು.

ವೆಲಿಮಿರ್... ಐದು ವರ್ಷಗಳಾದ ಮೇಲೆ!

"ನಾನು ಹುಟ್ಟಿಸಿದ ಮರವನ್ನ ನಾನೇ ಮುಟ್ಟಬಾರದಾ?" ಅವನು ನಕ್ಕ. ಕಿವಿಯ ಪಕ್ಕ ಕೂದಲು ನರೆತಿತ್ತು.

"ಹೇಗಿದೀಯ?" ಅವಳು ಕೇಳಿದಳು.

"ನನ್ನ ಮೂರು ಕಾಗದಕ್ಕೆ ಉತ್ತರ ಬರೆಯದವಳು ಈಗ ಕೇಳ್ತೀಯಲ್ಲ! ಬಿಡು. ಈ ಮರದ ದಾಖಲೆಗೆ ಸಹಿ ಹಾಕೋಕೆ ಬಂದಿದೀನಿ. ಹಾಕಿ ಹೋಗ್ತೀನಿ."

ಮೊರಾವಾ ನದಿಯ ದಂಡೆಯ ಆ ಪ್ಲಮ್ ತಳಿ ಕೇಂದ್ರದಲ್ಲಿ ಅಂದು ಎಲ್ಲರಿಗೂ ಸಂಭ್ರಮ. ಊರೂರಿನ ಪ್ಲಮ್ ತೋಟಗಳನ್ನು ತಿಂದುಹಾಕುತ್ತಿದ್ದ ಎಲೆರೋಗ ಈ ಮರದ ಹತ್ತಿರವೂ ಸುಳಿದಿರಲಿಲ್ಲ. ಹನ್ನೊಂದು ಗಂಟೆಗೆ ಸಮಿತಿಯವರು ಹಣ್ಣಿನ ರುಚಿ ನೋಡಿ ಹೊಸ ತಳಿಯೆಂದು ದಾಖಲಿಸುವವರಿದ್ದರು.

ವೆಲಿಮಿರ್ ಕೊಂಬೆಗೆ ಕಟ್ಟಿದ್ದ ಚೀಟಿಯನ್ನು ತಿರುಗಿಸಿ ನೋಡಿದ. ತಾಯಿ ಮರ, ತಂದೆ ಮರ, ಕೊನೆಯಲ್ಲಿ ಪರಾಗ ಹಚ್ಚಿದ ಕೈ ಯಾರದೋ ಅವರ ಹೆಸರಿನ ಮೊದಲ ಅಕ್ಷರ. ಅಲ್ಲಿನ ರೂಢಿ ಅದು.

"ತಂದೆಯ ಜಾಗದಲ್ಲಿ 'ಗೊತ್ತಿಲ್ಲ' ಅಂತ ಬರೀತಾರಂತೆ. ಎಲೆ ಪರೀಕ್ಷೆಯಲ್ಲಿ ನನ್ನ ತಾತನ ಮರದ ಗುರುತೇ ಸಿಗಲಿಲ್ವಲ್ಲ... ಎಲ್ಲಿ ತಪ್ಪಿದೆ ಅಂತ ಇವತ್ತಿಗೂ ತಿಳೀಲಿಲ್ಲ ಸ್ಮಿಲ್ಯಾ. ಆಮೇಲೆ ಪರಾಗ ಹಚ್ಚೋ ಕುಂಚ ಹಿಡಿಯೋಕೇ ಹೆದರಿಕೆ. ಈಗ ಗೊಬ್ಬರ ಮಾರ್ತೀನಿ."

ಎಲ್ಲಿ ತಪ್ಪಿತೆಂದು ಅವಳಿಗೆ ಗೊತ್ತಿತ್ತು. ಅವಳೊಬ್ಬಳಿಗೇ ಗೊತ್ತಿತ್ತು!

ಒಂಬತ್ತು ವರ್ಷಗಳ ಹಿಂದೆ, ಹೂ ಬಿಟ್ಟ ವಾರ, ವೆಲಿಮಿರ್‌ನ ತಾತ ತೀರಿಕೊಂಡರು. ಅವರ ಅಂಗಳದ ಮುದಿ ಪ್ಲಮ್ ಮರದ ಪರಾಗವನ್ನು ಅವನು ಸೀಸೆಯಲ್ಲಿ ತಂದಿಟ್ಟಿದ್ದ. ಮಣ್ಣಿಗೆ ಹೊರಡುವಾಗ ಅದನ್ನು ಅವಳ ಕೈಗಿತ್ತ. "ತಾಯಿ ಮರದ ಮೂರ್ನಾಲ್ಕು ಕೊಂಬೆಗೆ ಬೆಳಗಿನ ಜಾವವೇ ಹಚ್ಚಿದೀನಿ. ಉಳಿದೊಂದು ಕೊಂಬೆಗೆ ನಾಳೆ ಬೆಳಿಗ್ಗೆ ನೀನೇ ಹಚ್ಚು. ನಿನ್ನನ್ನ ಬಿಟ್ಟರೆ ಇನ್ಯಾರನ್ನೂ ನಂಬಲ್ಲ."

ಅವಳು ಪರಾಗ ಒಣಗಲೆಂದು ಸೀಸೆಯ ಬಾಯಿ ತೆರೆದು ಕಿಟಕಿಯಲ್ಲಿಟ್ಟಳು. ಅಕ್ಕನ ಮನೆಗೆ ಈಸ್ಟರ್ ಮೊಟ್ಟೆಗಳಿಗೆ ಬಣ್ಣ ಹಾಕಲು ಓಡಿದಳು. ಕಿಟಕಿ ಮುಚ್ಚುವುದನ್ನು ಮರೆತಳು... ಮರಳಿ ಬಂದಾಗ ಸೀಸೆಯ ತುಂಬ ಮಳೆನೀರು. ನೆನೆದ ಪರಾಗ ಸತ್ತಂತೆಯೇ.

ಪಕ್ಕದಲ್ಲಿ ಬಾಯಿ ಮುಚ್ಚಿಟ್ಟಿದ್ದ ಇನ್ನೊಂದು ಸೀಸೆಯಿಂದ ಪರಾಗ ತೆಗೆದು ಹಚ್ಚಿದಳು. ಚೀಟಿಯಲ್ಲಿ ಬರೆದದ್ದು ತಾತನ ಮರದ ಹೆಸರು. ಸಿಕ್ಕಿಬೀಳುವ ಭಯಕ್ಕೆ, ಕೊನೆಯಲ್ಲಿ ತನ್ನ 'ಸ್ಮಿ'ಯ ಬದಲು ಅವನ 'ವೆ' ಬರೆದಳು. ಆ ಕೊಂಬೆಯ ಹಣ್ಣಿನ ಬೀಜದಿಂದ ಹುಟ್ಟಿದ್ದೇ ಈ ಮರ; ಚೀಟಿಯ ಬರಹವೂ ಇದಕ್ಕೇ ಬಂತು. ತಾತನ ಮನೆ ಕೊಂಡವರು ಆ ಬೇಸಿಗೆಯಲ್ಲೇ ಮುದಿಮರ ಕಡಿಸಿದರು; ಉಳಿದದ್ದು ವೆಲಿಮಿರ್ ಎತ್ತಿಟ್ಟಿದ್ದ ಒಣಗಿದ ಎಲೆಗಳು ಮಾತ್ರ.

'ವೆಲಿಮಿರ್ ಹೊರಟ ದಿನ ಬೆಳಗಿನ ಜಾವವೇ ಹಚ್ಚಿ ಹೋದರಂತೆ' ಎಂದು ಎಲ್ಲರೂ ಅಂದುಕೊಂಡರು. ಮೂರು ದಿನ ದುಃಖದಲ್ಲಿದ್ದ ಅವನೂ ಅದು ತಾನು ಹಚ್ಚಿದ ಕೊಂಬೆಗಳಲ್ಲೊಂದು ಎಂದೇ ನಂಬಿದ. ಐದು ವರ್ಷಗಳ ಹಿಂದೆ ಎಲೆ ಪರೀಕ್ಷೆಯಾದಾಗ ಸುಳ್ಳುಗಾರನೆನಿಸಿಕೊಂಡು ಕೆಲಸ ಕಳೆದುಕೊಂಡದ್ದು ಅವನೇ. ಸ್ಮಿಲ್ಯಾ ಬಾಯಿ ಬಿಡಲಿಲ್ಲ. ಮಳೆಗೆ ಅಕ್ಷರ ಮಾಸಿದಾಗಲೆಲ್ಲ, ಪ್ರತಿ ವಸಂತದಲ್ಲೂ, ಆ ಸುಳ್ಳನ್ನು ತನ್ನ ಕೈಯಾರೆ ಹೊಸದಾಗಿ ಬರೆಯುತ್ತ ಬಂದಳು.

"ಏನೇ ಸ್ಮಿಲ್ಯಾ, ಕಾಫಿ ಆರ್ತಿದೆ!" ಕೇಂದ್ರದ ಅಡುಗೆಮನೆಯಿಂದ ಅಡುಗೆಯವಳು ಕೊಸಾರಾ ಅತ್ತೆ ಕೂಗಿದಳು. "ಅವನನ್ನೂ ಕರ್ಕೊಂಡು ಬಾ. ಐದು ವರ್ಷದಲ್ಲಿ ಒಂದು ಹಿಡಿ ಆಗಿದಾನೆ, ಗೊಬ್ಬರ ತಿಂದೂ ಬೆಳೀಲಿಲ್ಲ!"

ಅವನು ನಕ್ಕು ಹೆಜ್ಜೆ ಕಿತ್ತ.

"ನಿಲ್ಲು ವೆಲಿಮಿರ್... ಪರಾಗ ಹಚ್ಚಿದ ಕೈ ನಿನ್ನದಲ್ಲ. ನನ್ನದು."

ಎಲ್ಲವನ್ನೂ ಹೇಳಿದಳು. ಕಿಟಕಿ, ಮಳೆ, ಸೀಸೆ, ಅಕ್ಷರ. ಅವನ ಮುಖ ಬಿಳುಪೇರಿತು.

"ಐದು ವರ್ಷ... ನನ್ನ ಕೈಯನ್ನ ನಾನೇ ಅನುಮಾನಿಸ್ದೆ! ಒಂದು ಸಾಲು ಬರೆಯೋಕೆ ಆಗ್ಲಿಲ್ವಾ ನಿಂಗೆ?"

"ಬರೀತಿದ್ದೆ, ಹರೀತಿದ್ದೆ. ನಿಜ ಹೇಳಿದ್ರೆ ನೀನು ನನ್ನ ಮುಖ ನೋಡಲ್ಲ ಅಂತ ಭಯ."

"ಹೇಳದೆ ಇದ್ದಾಗ ನೋಡಿದ್ನಾ?"

ಅವನು ಬೆನ್ನು ತಿರುಗಿಸಿ ಹೊರಟುಹೋದ. ಈ ಸಲ ಅವಳು ಕರೆಯಲಿಲ್ಲ. ಚೀಟಿ ಬಿಚ್ಚಿಕೊಂಡು ನೇರ ಸಭೆಗೆ ನಡೆದಳು.

"ಈ ಅಕ್ಷರ ಸುಳ್ಳು ಸರ್," ಎಂದಳು ನಿರ್ದೇಶಕ ಒಬ್ರಾದ್‌ರ ಮುಂದೆ, ಸಮಿತಿಯ ಐವರೂ ಕೇಳುವಂತೆ. "ಹಚ್ಚಿದವಳು ನಾನು. ತಂದೆ ಮರ ಯಾವುದು ಅಂತ ನಂಗೆ ಗೊತ್ತು. ಗೇಟಿನ ಪಕ್ಕದ ಹುಳಿ ಪ್ಲಮ್. ಪರೀಕ್ಷೆ ಮಾಡಿಸಿ."

"ಕೆಲಸ ಹೋಗಬಹುದು, ತಿಳೀತಾ ತಾಯಿ?"

"ವೆಲಿಮಿರ್ ಅವರ ಕೆಲಸ ಆಗ್ಲೇ ಹೋಗಿದೆಯಲ್ಲ ಸರ್."

ಅವಳು ಹೊರಬಂದಳು. ಗೇಟಿನ ಪಕ್ಕದ ಮರದಡಿ ವೆಲಿಮಿರ್ ಕುಳಿತಿದ್ದ. ತೆರೆದ ಕಿಟಕಿಯಿಂದ ಅಲ್ಲಿಗೆ ಎಲ್ಲವೂ ಕೇಳಿಸುತ್ತಿತ್ತು.

"ಈ ಮರಾನಾ?" ಅವನು ಮೆಲ್ಲನೆ ಕೇಳಿದ. "ನಿಂಗೆ ಪರಾಗ ತೆಗೆಯೋದನ್ನ ಕಲಿಸಿದ್ದು ಇದರಲ್ಲೇ ಅಲ್ವಾ?"

"ಆ ವಸಂತದಲ್ಲಿ ಮೊದಲನೇ ದಿನ ನಾವಿಬ್ರೂ ಪರಾಗ ತೆಗೆದಿಟ್ಟ ಸೀಸೆ ಅದು. ಎಸೆಯೋಕೆ ಮನಸ್ಸು ಬರ್ಲಿಲ್ಲ..."

ಅವನು ಮರದ ಕಾಂಡದ ಮೇಲೆ ಕೈಯಾಡಿಸಿದ.

"ಕೋಪ ಹೋಗಿಲ್ಲ ಸ್ಮಿಲ್ಯಾ. ಬೇಗ ಹೋಗೋದೂ ಇಲ್ಲ."

"ಹೋಗೋವರೆಗೂ ಕಾಯ್ತೀನಿ."

"ಗೊಬ್ಬರದ ಅಂಗಡೀಲಿ ಕೂತು ಕೋಪ ಮಾಡ್ಕೊಳ್ಳೋದು ಕಷ್ಟ. ಇಲ್ಲೇ ಇದ್ದು ಮಾಡ್ಕೊಳ್ತೀನಿ." ಜೇಬಿನಿಂದ ಪೆನ್ಸಿಲ್ ತೆಗೆದು ಅವಳತ್ತ ಚಾಚಿದ. "ಮೊದಲು ನಿಜ ಬರಿ."

ಅವಳು ಚೀಟಿಯಲ್ಲಿ 'ವೆ' ಅಳಿಸಿ 'ಸ್ಮಿ' ಬರೆದಳು. ಕಣ್ಣೀರು ಬಿದ್ದರೂ ಅಕ್ಷರ ಮಾಸಲಿಲ್ಲ.

"ಮುಂದಿನ ವಸಂತದಲ್ಲಿ..." ಅವಳು ಅಳುಕುತ್ತ ಕೇಳಿದಳು, "ನನ್ನ ಕೈಗೆ ಮತ್ತೆ ಸೀಸೆ ಕೊಡ್ತೀಯಾ?"

"ಕೊಡ್ತೀನಿ," ಎಂದು ಅವಳ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡ. "ಆದರೆ ಕಿಟಕಿ ಮಾತ್ರ ನಾನೇ ಮುಚ್ಚೋದು!"