ಹೊಟ್ಟೆಯ ಕೆಳಗೆ ಕೆಂಡ ಬೇಡ

"ಸ್ವಲ್ಪ ಕೆಂಪು ಸಾಸ್ ಸಿಗುತ್ತಾ?"

ಆ ಒಂದೇ ಮಾತಿಗೆ ಇಡೀ ಸಾಲು ಗಪ್‌ಚುಪ್ಪಾಯಿತು!

ಏಪ್ರಿಲ್ ತಿಂಗಳ ಮಧ್ಯಾಹ್ನ. ಕೋರ್ಟಿನ ಮುಂದಿನ ಹುಲ್ಲುಹಾಸಿನಲ್ಲಿ ಊರಿನ ಬಾರ್ಬೆಕ್ಯೂ ಹಬ್ಬ. ಕೋಸಂಬರಿಯಂಥ ಕೋಸಿನ ಪಲ್ಯ ಬಡಿಸುತ್ತಿದ್ದ ಮೇವಿಸ್ ತಲೆಯೆತ್ತಿ ನೋಡಿದಳು. ಬಿಸಿಲಿಗೆ ಕಂದಿದ ಮುಖದ, ಎತ್ತರದ ಯುವಕನೊಬ್ಬ ತಟ್ಟೆ ಹಿಡಿದು ನಿಂತಿದ್ದ. ತಾನೇನು ತಪ್ಪು ಮಾಡಿದೆ ಎಂದು ಪಾಪ, ಅವನಿಗೆ ತಿಳಿದಿರಲಿಲ್ಲ.

ಮೇವಿಸ್‌ಳ ಸೋದರತ್ತೆ ಕ್ಲಿಯೋ ಮಾಂಸ ಕೊಚ್ಚುತ್ತಿದ್ದ ಕತ್ತಿಯನ್ನು ಗಾಳಿಯಲ್ಲೇ ನಿಲ್ಲಿಸಿದರು.

"ಏನಂದೆ ಮಗನೇ? ಇನ್ನೊಂದ್ಸಲ ಹೇಳು."

"ಕೆಂಪು ಸಾಸ್... ಟೊಮ್ಯಾಟೊ ಹಾಕಿರ್ತಾರಲ್ಲ, ಅದು. ನಮ್ಮ ಕಡೆ..."

"ನಿಮ್ಮ ಕಡೆ ಅಂದ್ರೆ?"

"ಪಶ್ಚಿಮಕ್ಕೆ, ಲೆಕ್ಸಿಂಗ್ಟನ್ ಕಡೆ, ಮೇಡಂ."

"ಅಯ್ಯೋ ದೇವರೇ! ನೋಡೋಕೆ ಒಳ್ಳೇ ಮನೆ ಹುಡುಗನ ಥರ ಇದೀಯಲ್ಲೋ!" ಕ್ಲಿಯೋ ಅತ್ತೆ ಎದೆ ಮುಟ್ಟಿಕೊಂಡರು. "ನೋಡಪ್ಪಾ, ಇದು ಕೆರೊಲಿನಾದ ಪೂರ್ವದ ಕಡೆ. ಇಲ್ಲಿ ವಿನೆಗರ್, ಒಣಮೆಣಸಿನಕಾಯಿ, ಉಪ್ಪು... ಅಷ್ಟೇ. ಟೊಮ್ಯಾಟೊ ಬೇಕಿದ್ರೆ ಯಾರದಾದ್ರೂ ಹಿತ್ತಲಿಗೆ ಹೋಗು!"

ಸಾಲಿಗೆ ಸಾಲೇ ನಕ್ಕಿತು. ಮೇವಿಸ್ ಕೂಡ ನಕ್ಕಳು. ಅವಳು ಹಾಗೆ ಮನಬಿಚ್ಚಿ ನಕ್ಕು ಎಷ್ಟೋ ತಿಂಗಳಾಗಿತ್ತು.

ಅಷ್ಟರಲ್ಲೇ ಹಿಂದಿನ ಒಲೆಯಲ್ಲಿ ಕೊಬ್ಬಿನ ಹನಿಯೊಂದು ಕೆಂಡಕ್ಕೆ ಬಿತ್ತು.

ಛಸ್ಸ್...!

ಮೇವಿಸ್ ಬೆಚ್ಚಿಬಿದ್ದಳು. ಕೈಯಲ್ಲಿದ್ದ ಸೌಟು ಜಾರಿ ನೆಲಕ್ಕೆ ಬಿತ್ತು.

ನಗುತ್ತಿದ್ದವರಲ್ಲಿ ಯಾರೂ ಅದನ್ನು ಗಮನಿಸಲಿಲ್ಲ, ಅವನೊಬ್ಬನನ್ನು ಬಿಟ್ಟು. ಅವನು ಬಗ್ಗಿ ಸೌಟು ಎತ್ತಿ, ಒರೆಸಿ, ಮೇಜಿನ ಮೇಲಿಟ್ಟ. ಆಮೇಲೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಅವಳಿಗೂ ಒಲೆಗೂ ನಡುವೆ ನಿಂತುಕೊಂಡು ಊಟ ಮಾಡಿದ.

ಅಂದಿನಿಂದ ಮೇವಿಸ್‌ಗೆ ಎರಡು ಭಯಗಳಾದವು. ಒಂದು, ಬೆಂಕಿಯದು. ಇನ್ನೊಂದು, ತನ್ನ ಭಯವನ್ನು ಕಂಡುಬಿಟ್ಟ ಆ ಮನುಷ್ಯನದು.

ಹಿಂದಿನ ಆಗಸ್ಟ್‌ನಲ್ಲಿ ನಡೆದದ್ದು ಊರಿಗೆಲ್ಲ ಗೊತ್ತು. ವಿಲೋ ಫೋರ್ಕ್ ಚರ್ಚಿನ ಹೋಮ್‌ಕಮಿಂಗ್ ಎಂದರೆ, ದೂರದ ಊರುಗಳಿಗೆ ಹೋದವರೆಲ್ಲ ಮರಳಿ ಬಂದು ಒಟ್ಟಿಗೆ ಕೂತು ಉಣ್ಣುವ ದಿನ. ಅಂದು ಇಡೀ ಹಂದಿಯನ್ನು ಬೇಯಿಸುವ ಹೊಣೆ ಯಾವತ್ತೂ ಮೇವಿಸ್‌ಳ ತಂದೆ ಲೂಥರ್ ಜಾಯ್ನರ್ ಅವರದು. ಚರ್ಚಿನ ಹಿಂದಿನ ಇಟ್ಟಿಗೆ ಒಲೆಯನ್ನು ಕಟ್ಟಿದವರೂ ಅವರೇ. ಆ ದಿನ ಕೊಬ್ಬಿಗೆ ಬೆಂಕಿ ಹತ್ತಿತು. "ತಗಡು ಮುಚ್ಚು ಮಗಳೇ!" ಎಂದು ಅವರು ಕೂಗಿದರು. ಒಲೆಗೆ ಮುಚ್ಚಳವಾದ ಆ ತಗಡಿನ ಹಿಡಿಕೆ ಮೇವಿಸ್‌ಳ ಕೈಯಲ್ಲೇ ಇತ್ತು.

ಅವಳು ಮುಚ್ಚಲಿಲ್ಲ... ಮುಚ್ಚಲು ಆಗಲಿಲ್ಲ! ಕಾಲು ನೆಲಕ್ಕೆ ಅಂಟಿತ್ತು, ಕೈ ಕಲ್ಲಾಗಿತ್ತು. ಲೂಥರ್ ಬರಿಗೈಯಲ್ಲಿ ಕಾದ ತಗಡನ್ನು ಎಳೆದು ಮುಚ್ಚಿದರು. ಆ ಕೈಬೆರಳುಗಳು ಈಗ ಚಮಚವನ್ನೂ ಗಟ್ಟಿಯಾಗಿ ಹಿಡಿಯಲಾರವು.

ಅಪ್ಪ ಒಂದು ದಿನವೂ ಅವಳನ್ನು ಬೈಯಲಿಲ್ಲ. ಅದೇ ಅವಳಿಗೆ ಹೆಚ್ಚು ಸುಡುತ್ತಿತ್ತು.

ಚರ್ಚಿನ ಹಿರಿಯ, ಡೀಕನ್ ಫ್ಲಾಯ್ಡ್ ಮಾತ್ರ ಖಡಾಖಂಡಿತವಾಗಿ ಹೇಳಿದ್ದರು: "ಇನ್ನೊಂದು ಸಲ ಬೆಂಕಿ ಎದ್ರೆ ಈ ಒಲೆ ಒಡೆಸಿ ಗ್ಯಾಸಿನ ಒಲೆ ತರಿಸ್ತೀನಿ. ಅಲ್ಲಿಗೆ ಮುಗೀತು."

ಕೆಂಪು ಸಾಸ್ ಕೇಳಿದವನ ಹೆಸರು ಗಾರ್ಲೆಂಡ್ ಹೆಡ್ರಿಕ್. ಪ್ರೌಢಶಾಲೆಯಲ್ಲಿ ಟ್ರ್ಯಾಕ್ಟರ್ ರಿಪೇರಿ ಕಲಿಸಲು ಬಂದವನು. ಹಬ್ಬದ ಮರುವಾರವೇ ಜಾಯ್ನರ್ ಮನೆಯ ಅಂಗಳದಲ್ಲಿ ಹಾಜರಾದ. ಲೂಥರ್ ಅವರಿಗೆ ಕೊಡಲಿ ಹಿಡಿಯಲು ಆಗದೆಂದು ತಾನೇ ಓಕ್ ಸೌದೆ ಸೀಳಿಕೊಟ್ಟ. ಆಮೇಲೆ ಪ್ರತಿ ಶನಿವಾರ ಬಂದ. ಕೆಲಸ ಮುಗಿದ ಮೇಲೆ ಮೆಟ್ಟಿಲ ಮೇಲೆ ಕೂತು ಮೇವಿಸ್ ಕೊಟ್ಟ ತಣ್ಣನೆಯ ಸಿಹಿ ಚಹಾ ಕುಡಿಯುತ್ತಿದ್ದ.

"ಮಿಸ್ ಮೇವಿಸ್, ಈ ಚಹಾದಲ್ಲಿ ಸಕ್ಕರೆ ಇದೆಯೋ, ಸಕ್ಕರೇಲಿ ಚಹಾ ಇದೆಯೋ?"

"ಕುಡಿಯೋದಾದ್ರೆ ಕುಡೀರಿ, ಇಲ್ದಿದ್ರೆ ಲೆಕ್ಸಿಂಗ್ಟನ್ ಬಸ್ ಹತ್ತಿ!"

ಬೆಂಕಿಯ ಬಗ್ಗೆ ಅವನು ಒಂದು ಮಾತೂ ಕೇಳಲಿಲ್ಲ. ಬೇಸಿಗೆ ಬೆಳೆದಂತೆ 'ಮಿಸ್' ಬಿದ್ದುಹೋಯಿತು. 'ನೀವು' ಹೋಗಿ 'ನೀನು' ಬಂತು. ಶನಿವಾರ ಬೆಳಿಗ್ಗೆ ಅವನ ಗಾಡಿಯ ಸದ್ದಿಗೆ ಅವಳು ಅಡುಗೆಮನೆಯ ಕಿಟಕಿಗೆ ಓಡುತ್ತಿದ್ದಳು. ಓಡಿದ ಮೇಲೆ ತನಗೇ ಹೆದರಿಕೆಯಾಗುತ್ತಿತ್ತು. 'ನಾನು ಪ್ರೀತಿಸಿದವರು ಕಷ್ಟದಲ್ಲಿದ್ದಾಗ ನಾನು ಕಲ್ಲಾಗಿ ನಿಲ್ಲೋಳು. ಇವನಿಗೂ ಹಾಗೇ ಆದ್ರೆ...?'

ಹೋಮ್‌ಕಮಿಂಗ್‌ಗೆ ಇನ್ನೇನು ಕೆಲವೇ ದಿನ. ಕ್ಲಿಯೋ ಅತ್ತೆ ಏದುಸಿರು ಬಿಡುತ್ತಾ ಬಂದರು.

"ಕೇಳಿದ್ಯೇನೇ? ಈ ಸಲ ಒಲೆ ಆ ಲೆಕ್ಸಿಂಗ್ಟನ್ ಹುಡುಗನ ಕೈಗಂತೆ! ಡೀಕನ್ ಚರ್ಚಲ್ಲಿ ಎದ್ದು ನಿಂತು ಹೇಳಿದ್ರು!"

ಮೇವಿಸ್‌ಳ ಕಿವಿ ಗುಂಯ್‌ಗುಟ್ಟಿತು. ಅಪ್ಪ ಕಟ್ಟಿದ ಒಲೆ... ಅವನ ಕೈಗೆ?

ಶನಿವಾರ ಅವನು ಗಾಡಿಯಿಂದ ಇಳಿಯುವ ಮೊದಲೇ ಕೇಳಿದಳು.

"ನಿಜಾನಾ?"

"ನಿಜ."

"ನೀನೇ ಕೇಳಿ ತಗೊಂಡ್ಯಾ?"

ಅವನು ಗಾಡಿಯ ಬಾಗಿಲು ತೆರೆದು ಮೆಲ್ಲಗೆ ಇಳಿದ.

"ಸೌದೆ ಒಡೆದಿದ್ದು ಇದಕ್ಕಾ ಗಾರ್ಲೆಂಡ್? ಈ ಮೆಟ್ಟಿಲ ಮೇಲೆ ಕೂತಿದ್ದೂ ಇದಕ್ಕಾ?"

"ಮೇವಿಸ್... ನಾನು ಹೇಳೋ ಹಾಗಿಲ್ಲ."

"ಹೇಳೋಕೆ ಏನಾದ್ರೂ ಇದ್ರೆ ತಾನೇ!"

ಬಾಗಿಲು ದಡಾರನೆ ಮುಚ್ಚಿತು. ಒಳಗೆ, ಬಾಗಿಲಿಗೆ ಬೆನ್ನು ಕೊಟ್ಟು, ಅವಳು ಬಾಯಿಗೆ ಏಪ್ರನ್ನನ್ನು ಒತ್ತಿಕೊಂಡು ಅತ್ತಳು.

ಹೋಮ್‌ಕಮಿಂಗ್ ದಿನ ಚರ್ಚಿನ ಅಂಗಳ ತುಂಬಿ ತುಳುಕುತ್ತಿತ್ತು. ಮೇವಿಸ್ ಹೆಂಗಸರ ಮೇಜಿನಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದಳು. ಒಲೆಮನೆಯ ಕಡೆ ತಿರುಗಿಯೂ ನೋಡುವುದಿಲ್ಲ ಎಂದು ನಿರ್ಧರಿಸಿದ್ದಳು. ಆದರೆ ಮೂಗಿಗೆ, ಕಿವಿಗೆ ಯಾರು ಬೀಗ ಹಾಕುತ್ತಾರೆ?

ಬೆಳಗಿನಿಂದ ಹೊಗೆ ಸರಿಯಾಗಿತ್ತು. ತೆಳ್ಳಗೆ, ತುಸು ನೀಲಿಯಾಗಿ, ಇದ್ದೂ ಇಲ್ಲದಂತೆ. ಮಧ್ಯಾಹ್ನದ ಹೊತ್ತಿಗೆ ಅದು ಬದಲಾಯಿತು. ಹಳದಿ ಬೆರೆತ ಬಿಳುಪು. ದಪ್ಪನೆಯ ಹೊಗೆ. ಜೊತೆಗೆ ಸದ್ದು. ಹನಿ ಹನಿಯಾಗಿ ಕೇಳಬೇಕಾದ 'ಛಸ್' ಈಗ ಬಾಣಲೆಯಲ್ಲಿ ಏನನ್ನೋ ಹುರಿಯುವಂತೆ ಬಿಡುವಿಲ್ಲದೆ ಕೇಳುತ್ತಿತ್ತು.

ಅವಳ ಕೈಯ ಚಾಕು ನಿಂತಿತು.

'ಬೇಡ... ಮತ್ತೆ ಬೇಡ ದೇವರೇ...'

ಎದ್ದು ಓಡಿದಳು. ಒಲೆಮನೆಯ ಹೊಸ್ತಿಲಲ್ಲಿ ಗಾರ್ಲೆಂಡ್ ಸಲಿಕೆ ಹಿಡಿದು ಕಣ್ಣುಜ್ಜಿಕೊಳ್ಳುತ್ತಿದ್ದ.

"ಕೆಂಡ ಎಲ್ಲೆಲ್ಲಿ ಹಾಕಿದೀಯಾ?"

"ಎಲ್ಲಾ ಕಡೆ ಸಮವಾಗಿ... ನಮ್ಮೂರಲ್ಲಿ ಹಾಕೋ ಹಾಗೆ..."

"ನಿಮ್ಮೂರಲ್ಲಿ ಬರೀ ಭುಜದ ಮಾಂಸ ಬೇಯಿಸ್ತೀರ! ಇದು ಇಡೀ ಹಂದಿ! ಕೆಂಡ ತೊಡೆ ಕೆಳಗೆ, ಭುಜದ ಕೆಳಗೆ! ಹೊಟ್ಟೆಯ ಕೆಳಗೆ ಕೆಂಡ ಬೇಡ! ಕೊಬ್ಬೆಲ್ಲ ಇಳಿಯೋದೇ ಅಲ್ಲಿ!"

ಅವನ ಮುಖ ಬಿಳಚಿಕೊಂಡಿತು. ಏನಾಗಿದೆಯೋ ನೋಡೋಣವೆಂದು ಗಾಬರಿಯಲ್ಲಿ ತಗಡಿನ ಹಿಡಿಕೆಗೆ ಕೈ ಹಾಕಿದ.

"ಎತ್ತಬೇಡ!"

ಎತ್ತಿಬಿಟ್ಟಿದ್ದ.

ಗಾಳಿ ನುಗ್ಗಿತು. ಭುಗ್ಗೆಂದು ಜ್ವಾಲೆ ಸೂರಿನ ತನಕ ಎದ್ದಿತು! ಗಾರ್ಲೆಂಡ್‌ನ ಅಂಗಿಯ ತೋಳಿನ ಅಂಚು ಹತ್ತಿಕೊಂಡಿತು. ಅವನು ಅದನ್ನು ಬಡಿದು ಆರಿಸುತ್ತಾ ಹಿಂದಕ್ಕೆ ಬಿದ್ದ. ತಗಡು ಅವಳ ಕಾಲ ಬಳಿ ಬಂದು ಉರುಳಿತು. ಹೊರಗೆ ಡೀಕನ್ ಫ್ಲಾಯ್ಡ್ ನೀರಿನ ಪೈಪ್ ಎಳೆದುಕೊಂಡು ಕೂಗುತ್ತಾ ಬರುತ್ತಿದ್ದರು.

ಮೇವಿಸ್ ನಿಂತೇ ಇದ್ದಳು.

ಅದೇ ಶಾಖ. ಅದೇ ವಾಸನೆ. ಅದೇ ಕಾಲುಗಳು, ನೆಲಕ್ಕೆ ಅಂಟಿದ ಕಾಲುಗಳು. ಬಗ್ಗಿ ತಗಡು ಎತ್ತಬೇಕು ಎಂದು ತಲೆ ಹೇಳುತ್ತಿತ್ತು. ದೇಹ ಯಾರದೋ ಆಗಿತ್ತು. 'ಆಗ್ತಿಲ್ಲ... ನನ್ನ ಕೈಲಿ ಆಗ್ತಿಲ್ಲ...!'

ಆಗ ಹೊಗೆಯ ನಡುವೆ ಯಾರೋ ಅವಳನ್ನು ದಾಟಿಕೊಂಡು ಮುಂದೆ ಹೋದರು.

ಅಪ್ಪ!

ಅಲ್ಲಿಯವರೆಗೆ ಹೊರಗೆ ಪೆಕಾನ್ ಮರದ ಕೆಳಗೆ ಕುರ್ಚಿಯಲ್ಲಿ ಕೂತಿದ್ದ ಲೂಥರ್, ಆ ಸೊಟ್ಟ ಬೆರಳುಗಳನ್ನು ಮುಂದಕ್ಕೆ ಚಾಚಿ, ನೇರವಾಗಿ ತಗಡಿನ ಕಡೆಗೆ ಬಗ್ಗುತ್ತಿದ್ದರು.

"ಡ್ಯಾಡಿ, ಬೇಡ!"

ಯಾವಾಗ ಬಗ್ಗಿದಳೋ ಅವಳಿಗೇ ತಿಳಿಯದು. ಏಪ್ರನ್ನನ್ನು ಕೈಗೆ ಸುತ್ತಿಕೊಂಡು ಹಿಡಿಕೆ ಹಿಡಿದಿದ್ದಳು. ಅಪ್ಪನನ್ನು ಮೊಣಕೈಯಿಂದ ತಳ್ಳಿ, ಜ್ವಾಲೆಯ ಮೇಲೆ ತಗಡನ್ನು ಧಡ್ ಎಂದು ಬಡಿದು ಮುಚ್ಚಿದಳು.

"ಡೀಕನ್, ಪೈಪ್ ಕೆಳಗಿಡಿ! ನೀರು ಬಿದ್ರೆ ಕೊಬ್ಬು ಸಿಡಿದು ಎಲ್ಲರ ಮೈ ಮೇಲೂ ಬರುತ್ತೆ! ಗಾರ್ಲೆಂಡ್, ಮರಳು! ಸಂದೀಲೆಲ್ಲ ಮರಳು ಸುರಿ, ಗಾಳಿ ಹೋಗಬಾರದು!"

ಅವನು ಮರಳು ಸುರಿದ. ಒಳಗೆ ಬೆಂಕಿ ಬುಸುಗುಟ್ಟಿತು, ತಡಕಾಡಿತು, ಉಸಿರು ಸಿಗದೆ ಸೋತಿತು. ಸಂದಿಗಳಿಂದ ಬರುತ್ತಿದ್ದ ಹೊಗೆ ಮೆಲ್ಲಗೆ ತೆಳುವಾಯಿತು. ಇಬ್ಬರೂ ಸೇರಿ ಒಲೆಯ ಬದಿಯ ಕಿಂಡಿಯಿಂದ ನಡುವಿನ ಕೆಂಡವನ್ನೆಲ್ಲ ಹೊರಗೆಳೆದರು. ಆಮೇಲಷ್ಟೇ ಮೇವಿಸ್ ನೆಲದ ಮೇಲೆ ಕೂತಳು.

"ಮುಗೀತು! ಮುಂದಿನ ವರ್ಷದಿಂದ ಗ್ಯಾಸ್!" ಎಂದರು ಡೀಕನ್.

"ಗ್ಯಾಸಲ್ಲಿ ಬೇಯಿಸಿದ್ದನ್ನ ನೀವೊಬ್ಬರೇ ತಿನ್ನಿ, ಫ್ಲಾಯ್ಡ್ ಅಣ್ಣಾ," ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತ ಕ್ಲಿಯೋ ಅತ್ತೆ ಅಂದರು. "ಈಗ ಒಲೆ ಉಳಿಸಿದ್ದು ಯಾರು? ಪೈಪ್ ಹಿಡಿದು ನಮ್ಮನ್ನೆಲ್ಲ ಹುರಿಯೋಕೆ ಬಂದಿದ್ದು ಯಾರು? ಅದನ್ನ ಮೊದಲು ಹೇಳಿ!"

ಡೀಕನ್ ತಮ್ಮ ಕೈಯಲ್ಲಿದ್ದ ಪೈಪನ್ನೇ ನೋಡಿದರು. ಆಮೇಲೆ ಅದನ್ನು ಮೆಲ್ಲಗೆ ಕೆಳಗಿಟ್ಟರು.

"ಒಲೆ ಈ ಹುಡುಗಿ ಕೈಲಿದ್ರೆ ಇರ್ಲಿ," ಎಂದು ಗೊಣಗಿದರು. "ಬೇರೆಯವರ ಕೈಗೆ ಕೊಡೋದಿಲ್ಲ."

ಲೂಥರ್ ಮಗಳ ಪಕ್ಕದಲ್ಲಿ ಕಷ್ಟಪಟ್ಟು ಕೂತರು.

"ತಪ್ಪು ನಂದು ಕಂದಾ. ಅವನ ಹತ್ರ ಬೇಡ್ಕೊಂಡಿದ್ದೇ ನಾನು."

"ಏನು ಡ್ಯಾಡಿ?"

"ನೀನು ನಿದ್ದೇಲಿ 'ತಗಡು, ತಗಡು' ಅಂತ ಕಿರುಚ್ತೀಯ. ಗೋಡೆಯ ಈಚೆ ಮಲಗಿ ಎಷ್ಟು ದಿನ ಕೇಳಿಸ್ಕೊಳ್ಳಲಿ? ನಾನು ಬೇಯಿಸಲಾರೆ. ನಾನಿಲ್ದಿದ್ರೆ ಒಲೆ ಮುಂದೆ ನೀನೇ ನಿಂತ್ಕೋತೀಯ ಅಂತ ಹೆದರಿಕೆ. ಅದಕ್ಕೇ 'ಒಲೆ ನೀನು ತಗೋ, ಮಗಳಿಗೆ ಮಾತ್ರ ಹೇಳಬೇಡ' ಅಂತ ಇವನ ಕೈಲಿ ಆಣೆ ಹಾಕಿಸ್ಕೊಂಡೆ." ಅವರು ಒಲೆಯ ಕಡೆ ನೋಡಿ ನಿಟ್ಟುಸಿರಿಟ್ಟರು. "ಎಲ್ಲಾ ಹೇಳ್ಕೊಟ್ಟೆ. ಆ ಹೊಟ್ಟೆ ವಿಷಯ ಒಂದು ಹೇಳಬೇಕು ಅಂತ ಹೊಳೀಲೇ ಇಲ್ಲ. ಇಲ್ಲಿ ಹುಟ್ಟಿದೋರಿಗೆ ಯಾರು ಹೇಳ್ಕೊಡ್ತಾರೆ ಅದನ್ನ?"

ಮೇವಿಸ್ ತಲೆಯೆತ್ತಿದಳು. ಗಾರ್ಲೆಂಡ್ ದೂರದಲ್ಲಿ, ಸುಟ್ಟ ತೋಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತಿದ್ದ.

'ನಾನು ಮುಖದ ಮೇಲೆ ಬಾಗಿಲು ಹಾಕಿದಾಗಲೂ ಇವನು ಅಪ್ಪನ ಮಾತು ಉಳಿಸಿದ... ನಾನೇನು ಮಾಡಿಬಿಟ್ಟೆ!'

"ಅಳೋದು ಆಮೇಲೆ," ಕ್ಲಿಯೋ ಅತ್ತೆ ಗದರಿದರು. "ಹಂದಿ ಮಗುಚೋ ಹೊತ್ತಾಯ್ತು! ಹೊರಗೆ ಇಡೀ ಊರು ಹಸಿದು ಕೂತಿದೆ."

ಇಡೀ ಹಂದಿಯನ್ನು ಒಬ್ಬರು ಮಗುಚಲಾರರು. ಮೇಲೊಂದು ಜಾಲರಿ ಇಟ್ಟು, ಕೆಳಗಿನದಕ್ಕೆ ಬಿಗಿದು, ಇಬ್ಬರು ಎರಡು ತುದಿ ಹಿಡಿದು ಒಂದೇ ಉಸಿರಿಗೆ ತಿರುಗಿಸಬೇಕು. ಒಬ್ಬರು ಅರೆಕ್ಷಣ ತಡವರಿಸಿದರೂ ಮಾಂಸವೆಲ್ಲ ಕೆಂಡದ ಪಾಲು.

ಮೇವಿಸ್ ಎದ್ದು ಒಂದು ತುದಿಗೆ ಹೋದಳು. ಗಾರ್ಲೆಂಡ್ ಇನ್ನೊಂದಕ್ಕೆ.

"ನನ್ನ ಕೈ ನಡುಗ್ತಿದೆ," ಅವಳು ಪಿಸುಗುಟ್ಟಿದಳು.

"ನಂದೂ."

"ನಡುಗ್ಲಿ. ಬಿಡಬೇಡ, ಅಷ್ಟೇ."

"ಬಿಡಲ್ಲ."

ಕಣ್ಣಲ್ಲಿ ಕಣ್ಣಿಟ್ಟರು. ಒಟ್ಟಿಗೆ ಉಸಿರೆಳೆದರು. ಎತ್ತಿದರು... ತಿರುಗಿಸಿದರು! ಜಾಲರಿ ಒಲೆಯ ಅಂಚಿಗೆ ಸರಿಯಾಗಿ ಕೂತಿತು. ಹೊಟ್ಟೆಯ ಭಾಗದಲ್ಲಿ ಅಂಗೈಯಗಲ ಕರಿಕಲು. ಉಳಿದದ್ದೆಲ್ಲ ಜೇನಿನ ಬಣ್ಣ. ಕ್ಲಿಯೋ ಅತ್ತೆ ಭುಜದಿಂದ ಒಂದು ಎಳೆ ಕಿತ್ತು, ವಿನೆಗರ್‌ನಲ್ಲಿ ಅದ್ದಿ ಬಾಯಿಗಿಟ್ಟು, ಕಣ್ಣು ಮುಚ್ಚಿದರು.

"ಕರಿಕಲು ಕೊಚ್ಚಿ ಬಿಸಾಕಿ. ಮಿಕ್ಕಿದ್ದು ಚೆನ್ನಾಗಿದೆ," ಎಂದು ಒಪ್ಪಿಗೆ ಕೊಟ್ಟರು.

ಸಂಜೆ ಅಂಗಳದಲ್ಲಿ ತಟ್ಟೆಗಳ ಸದ್ದು, ಹಾಡು, ನಗು. ಒಲೆಮನೆಯ ಹಿಂದೆ, ಸೌದೆಯ ರಾಶಿಯ ಮೇಲೆ ಕೂತು, ಮೇವಿಸ್ ಗಾರ್ಲೆಂಡ್‌ನ ಮುಂಗೈಗೆ ಮುಲಾಮು ಹಚ್ಚುತ್ತಿದ್ದಳು.

"ಉರೀತಿದೆಯಾ?"

"ಇಲ್ಲ."

"ಸುಳ್ಳು."

"ಉರೀತಿದೆ. ಆದ್ರೆ ನೀನು ಕೈ ಬಿಟ್ರೆ ಇನ್ನೂ ಜಾಸ್ತಿ ಉರಿಯುತ್ತೇನೋ."

ಅವಳು ಕೈ ಬಿಡಲಿಲ್ಲ.

"ಬಾಗಿಲು ಹಾಕಿದ್ದು ತಪ್ಪಾಯ್ತು ಗಾರ್ಲೆಂಡ್. ಆದ್ರೆ ಕೇಳು... ನನ್ನ ಭಯ ಹೋಗಿಲ್ಲ. ಇವತ್ತು ಮುಚ್ಚಿದೆ ಅಂತ ನಾಳೆಯೂ ಮುಚ್ತೀನಿ ಅನ್ನೋ ಭರವಸೆ ಇಲ್ಲ. ನಿನಗೇನಾದ್ರೂ ಆದಾಗ ನಾನು ಮತ್ತೆ ಕಲ್ಲಾಗಿ ನಿಂತ್ರೆ?"

"ನಿಂತ್ರೆ ನಾನು ಪಕ್ಕಕ್ಕೆ ಬಂದು ನಿಂತ್ಕೋತೀನಿ. ಇಬ್ರೂ ಹೆದರೋಣ." ಅವನು ಅವಳ ಕಡೆ ತಿರುಗಿದ. "ಮೇವಿಸ್... ನಾನು ನಿನ್ನ ಪ್ರೀತಿಸ್ತೀನಿ. ಇದನ್ನೂ ಹೆದರ್ಕೊಂಡೇ ಹೇಳ್ತಿದೀನಿ."

ಅವಳ ಕಣ್ಣು ತುಂಬಿ ಬಂತು.

"ನಾನೂ ಹೆದರ್ಕೊಂಡೇ ಕೇಳಿಸ್ಕೊಂಡೆ."

"ಮತ್ತೆ...?"

ಅವಳು ಅವನ ಹೆಗಲಿಗೆ ತಲೆಯಾನಿಸಿದಳು.

"ಮತ್ತೊಂದ್ಸಲ ಹೇಳು."