ದಿಂಬು ಕಸಿದುಕೊಂಡ ಮನುಷ್ಯ

ಬೆಳ್ಳುಳ್ಳಿ ಸಿಪ್ಪೆ, ಓಮ, ಒಂದು ಚಿಟಿಕೆ ಸಾಂಬ್ರಾಣಿ... ಕೆಂಡದ ಮೇಲೆ ಬಿದ್ದಾಗ ಏಳುವ ಆ ಹೊಗೆ!

ಶಾಂತಲಾಗೆ ಆರು ವರ್ಷವಿದ್ದಾಗ ಚಿಕ್ಕಮ್ಮನ ಬಾಣಂತಿ ಕೋಣೆಯಿಂದ ಬರುತ್ತಿದ್ದ ವಾಸನೆ ಅದು. ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಕಾಲೊತ್ತಲು ಒಬ್ಬರು, ಬಿಸಿನೀರು ಕಾಯಿಸಲು ಒಬ್ಬರು. ಚಿಕ್ಕಮ್ಮ ಅರಸಿಯ ಹಾಗೆ ಮಲಗಿರುತ್ತಿದ್ದಳು. ಬಾಗಿಲ ಸಂದಿಯಿಂದ ಇಣುಕಿದ ಮಕ್ಕಳನ್ನು ಅಜ್ಜಿ ಅಟ್ಟುತ್ತಿದ್ದಳು.

ಐವತ್ತೆಂಟನೇ ವಯಸ್ಸಿನಲ್ಲಿ ಅದೇ ಹೊಗೆ ಶಾಂತಲಾಳ ಮಂಚದ ಪಕ್ಕದಿಂದ ಏಳುತ್ತಿತ್ತು. ಮೈಸೂರಿನ ಆಸ್ಪತ್ರೆಯಲ್ಲಿ ಬಲಗಾಲಿನ ಮಂಡಿ ಬದಲಾಯಿಸಿಕೊಂಡು ಬಂದು ಒಂಬತ್ತು ದಿನವಾಗಿತ್ತು. ಹನಗೋಡಿನ ಆ ಮನೆಯವರಿಗೆ, ಹೊಲಿಗೆ ಹಾಕಿಸಿಕೊಂಡು ಮಲಗಿದ ಹೆಂಗಸಿಗೆ ಮಾಡುವ ಆರೈಕೆ ಒಂದೇ ಗೊತ್ತು. ತಮ್ಮನ ಹೆಂಡತಿ ಚಿಕ್ಕಬೀರಮ್ಮ ಸೆರಗು ಕಟ್ಟಿ ಬಾಣಂತನಕ್ಕೇ ನಿಂತುಬಿಟ್ಟಿದ್ದಳು.

"ಮೈಗೆ ತಂಡಿ ತಗಲ್ಬಾರ್ದು ಕಣತ್ಗೆ. ಒಂದ್ ತಿಂಗ್ಳು ಏಳ್ಲೇಬ್ಯಾಡಿ," ಎಂದು ಮಂಡಿಯ ಕೆಳಗೆ ಮೆತ್ತನೆಯ ದಿಂಬು ಇಟ್ಟಿದ್ದಳು. ಮಂಡಿ ಸ್ವಲ್ಪ ಮಡಚಿಕೊಂಡರೆ ನೋವು ಇಳಿಯುತ್ತಿತ್ತು. ಆಹಾ... ಎಂಥ ಹಿತ!

ಆಗಲೇ ಯಾರೋ ಬಾಗಿಲಲ್ಲಿ ಕೆಮ್ಮಿದರು.

ಅರವತ್ತು ದಾಟಿದ ಗಂಡಸು. ಇಸ್ತ್ರಿ ಮಾಡಿದ ಖಾಕಿ ಬಣ್ಣದ ಷರಟು. ಎಡಗಾಲನ್ನು ಸ್ವಲ್ಪ ಎಳೆಯುತ್ತಾ ಒಳಗೆ ಬಂದವರು ಕೆಂಡದ ಮಡಕೆ ನೋಡಿದರು, ದಿಂಬು ನೋಡಿದರು. ಬಗ್ಗಿ ದಿಂಬನ್ನು ಸರಕ್ಕನೆ ಎಳೆದುಕೊಂಡರು!

"ಅಯ್ಯೋ! ಯಾರ್ರೀ ನೀವು? ಕೊಡ್ರೀ ಇಲ್ಲಿ!"

"ಸೋಮಶೇಖರ್. ರಿಟೈರ್ಡ್ ಬಸ್ ಡ್ರೈವರ್. ಹೋದ ತಿಂಗ್ಳು ಡೈರಿ ಹಿಂದಿನ ಬೀದಿಗೆ ಮನೆ ಮಾಡ್ಕೊಂಡು ಬಂದಿವ್ನಿ. ಫಿಸಿಯೋ ಪವಿತ್ರ ಮೇಡಂ ಕಳಿಸಿದ್ರು. ಹುಣಸೂರಿಂದ ಅವರು ವಾರಕ್ಕೊಂದು ಸಲ ಬರ್ತಾರೆ. ಮಿಕ್ಕ ದಿನ ವ್ಯಾಯಾಮ ಮಾಡ್ಸು ಅಂದವ್ರೆ. ಮಂಡಿ ಕೆಳಕ್ಕೆ ದಿಂಬು ಇಡಂಗಿಲ್ಲ."

"ಇಡಂಗಿಲ್ಲ ಅನ್ನೋಕೆ ನೀವ್ಯಾರು? ನೋವು ನಂದು!"

"ನೋವೂ ನಿಮ್ದೇ ಕಣಮ್ಮ, ಕಾಲೂ ನಿಮ್ದೇ. ಅದ್ಕೇ ಹೇಳ್ತಿರೋದು."

ಟವೆಲ್ ಸುತ್ತಿ ಅವಳ ಹಿಮ್ಮಡಿಯ ಕೆಳಗೆ ಇಡಲು ಚಿಕ್ಕಬೀರಮ್ಮನಿಗೆ ಹೇಳಿದರು. ಮಂಡಿ ತನ್ನ ಭಾರಕ್ಕೆ ತಾನೇ ಕೆಳಗೆ ಚಾಚಿಕೊಂಡಿತು. ಶಾಂತಲಾಳ ಕಣ್ಣಲ್ಲಿ ನೀರು ಚಿಮ್ಮಿತು. ಆ ಮನುಷ್ಯ ಕೆಂಡದ ಮಡಕೆಯನ್ನು ಹಿತ್ತಲಿಗೆ ಹೊತ್ತೊಯ್ದಿಟ್ಟು, ಹಾಲಿನ ಕವರಿನಲ್ಲಿ ನೀರು ಗಟ್ಟಿ ಮಾಡಿ ತಂದ ಐಸನ್ನು ಕಿಟಕಿಯ ಮೇಲಿಟ್ಟರು.

"ಬಿಸಿ ಬ್ಯಾಡ. ಬಟ್ಟೇಲಿ ಸುತ್ತಿ ಇದ್ನ ಇಡಿ. ಹದಿನೈದು ನಿಮಿಷ."

'ಇವನಿಗೆ ಹೃದಯ ಅನ್ನೋದು ಇದೆಯಾ? ಕಲ್ಲು... ಕಲ್ಲು ಮನುಷ್ಯ!'

ಅವಳ ಕೋಪಕ್ಕೆ ನೋವು ಮಾತ್ರ ಕಾರಣವಾಗಿರಲಿಲ್ಲ. ಇಪ್ಪತ್ತಕ್ಕೆ ಬೆಟ್ಟದಪುರಕ್ಕೆ ಮದುವೆಯಾಗಿ ಹೋಗಿ, ಒಂದೂವರೆ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ಅವಳು. ಆಮೇಲೆ ಅಂಗನವಾಡಿ ಟೀಚರಮ್ಮನಾದಳು. ಚಿಕ್ಕಬೀರಮ್ಮನ ಮೂರು ಬಾಣಂತನ ಅವಳೇ ಮಾಡಿದ್ದಳು. ಊರಿನ ಎಷ್ಟು ಕೂಸುಗಳಿಗೆ ನೀರೆರೆದಿದ್ದಳೋ! ಆದರೆ ಅವಳ ಕಾಲನ್ನು ಒಬ್ಬರೂ ಒತ್ತಿರಲಿಲ್ಲ. ಒಂದು ದಿನ ಮಲಗಿಕೋ ಎಂದವರಿಲ್ಲ.

ಜೀವನದಲ್ಲಿ ಮೊದಲ ಸಲ ಆ ಹೊಗೆ ಅವಳಿಗಾಗಿ ಎದ್ದಿತ್ತು. ಅದನ್ನೇ ಈ ಮನುಷ್ಯ ಹಿತ್ತಲಿಗೆ ಎಸೆದುಬಿಟ್ಟನಲ್ಲ!

ಮರುದಿನ ಅವರು ಮತ್ತೆ ಬಂದರು. ಅದರ ಮರುದಿನವೂ.

"ಹತ್ತಿರ ಬಂದ್ರೆ ವಾಕರ್ ತಗೊಂಡು ಹೊಡೀತೀನಿ!"

"ಹೊಡೀರಿ. ಆದ್ರೆ ಎದ್ ನಿಂತ್ಕೊಂಡು ಹೊಡೀಬೇಕು ಟೀಚರ್. ಮಲಗಿದ್ ಕಡೆಯಿಂದ ಏಟು ಬೀಳಕಿಲ್ಲ."

ಸಿಟ್ಟಿಗೆ ಎದ್ದು ನಿಂತೇಬಿಟ್ಟಳು! ಚಿಕ್ಕಬೀರಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ಮಂಡಿ ಮಡಚುವುದು ಅದಕ್ಕಿಂತ ಘೋರ. ಕುರ್ಚಿಯ ಮೇಲೆ ಕೂತು ಪಾದವನ್ನು ಹಿಂದಕ್ಕೆ ಎಳೆಯಬೇಕು. ಸೋಮಶೇಖರ್ ಅಂಕಿ ಎಣಿಸುತ್ತಿರಲಿಲ್ಲ, ಸ್ಟಾಪುಗಳನ್ನು ಕೂಗುತ್ತಿದ್ದರು. ಮೈಸೂರು–ಕುಶಾಲನಗರ ರೂಟಿನಲ್ಲಿ ಇಪ್ಪತ್ತಾರು ವರ್ಷ ಬಸ್ಸು ಓಡಿಸಿದವರು.

"ಇಲವಾಲ... ಇನ್ನೊಂಚೂರು... ಬಿಳಿಕೆರೆ... ಹುಣಸೂರು ಬಂತು ನೋಡಿ, ಉಸ್ರು ಬುಡಿ..."

"ಇಳಿಸ್ರೀ ನನ್ನ! ಇಲ್ಲೇ ಇಳೀತೀನಿ!"

"ರಿಕ್ವೆಸ್ಟ್ ಸ್ಟಾಪ್ ಇಲ್ಲ ಕಣ್ರೀ. ಕಂಪಲಾಪುರ... ಪಿರಿಯಾಪಟ್ಟಣ..."

"ನಿಮ್ಮ ಬಸ್ಸು ಪಂಕ್ಚರ್ ಆಗ!"

ಬೈಗುಳದ ನಡುವೆ ಅವಳು ಗಮನಿಸದೇ ಹೋದದ್ದು ಎಷ್ಟೋ ಇತ್ತು. ಸೀರೆಯ ನೆರಿಗೆ ಮಂಡಿಯ ಮೇಲೆ ಸರಿದಾಗಲೆಲ್ಲ ಅವರು ಗೋಡೆಯ ಕ್ಯಾಲೆಂಡರ್ ಕಡೆ ತಿರುಗುತ್ತಿದ್ದರು. ಒಂದು ದಿನವೂ ಅವಳ ಕಾಲು ಮುಟ್ಟಲಿಲ್ಲ. ವಾಕರ್ ಕಾಲುಗಳು ನೆಲದ ಮೇಲೆ ಜಾರುತ್ತವೆಂದು ಹಳೆಯ ಟ್ಯೂಬು ಕತ್ತರಿಸಿ ರಬ್ಬರು ಹಾಕಿದ್ದರು. ಬಚ್ಚಲಿಗೆ ಹೋಗುವ ದಾರಿಯಲ್ಲಿ ಎಡವುವಂತಿದ್ದ ಚಾಪೆಯನ್ನು ಯಾರಿಗೂ ಹೇಳದೆ ಸುತ್ತಿ ಮೂಲೆಗಿಟ್ಟಿದ್ದರು.

ಹೊಲಿಗೆ ಬಿಚ್ಚಿದರು. ಮೂರು ವಾರ ಕಳೆಯಿತು. ನಿದ್ದೆ ಬರುತ್ತಿರಲಿಲ್ಲ, ಅನ್ನ ರುಚಿಸುತ್ತಿರಲಿಲ್ಲ. ಒಂದು ದಿನ ತಮ್ಮ ಮಂಚಯ್ಯ ಬಂದು ಕೂತ.

"ಅಕ್ಕ, ಸಾಕು ಬುಡು ಅಂಗನವಾಡಿ. ಇನ್ನೆರಡು ವರ್ಸ ಅಲ್ವಾ? ಆರು ವಾರಕ್ಕೆ ಡಾಕ್ಟ್ರು ನೋಡಿ ಆಗಕಿಲ್ಲ ಅಂದ್ರೆ ರಾಜೀನಾಮೆ ಕಾಗ್ದ ಬರ್ದುಬುಡಾಣ. ನೀನು ಇಲ್ಲೇ ಮಲ್ಗಿರು, ರಾಣಿ ಅಂಗೆ."

ಇಪ್ಪತ್ತೆರಡು ಮಕ್ಕಳು! 'ಟೀಚರಮ್ಮ ಯಾವಾಗ ಬತ್ತಾರೆ' ಎಂದು ಸಹಾಯಕಿಯನ್ನು ದಿನಾ ಕೇಳುತ್ತಿದ್ದರಂತೆ.

'ಕಾಲು ನೆಟ್ಟಗಾಗದಿದ್ದರೆ... ಈ ಮಂಚವೇ ಗತಿಯಾ?'

ಆದರೂ ರಾತ್ರಿ ನೋವು ಬಂದಾಗ ಚಿಕ್ಕಬೀರಮ್ಮ ಗುಟ್ಟಾಗಿ ದಿಂಬು ಸೇರಿಸುತ್ತಿದ್ದಳು. ಶಾಂತಲಾ ಬೇಡವೆನ್ನುತ್ತಿರಲಿಲ್ಲ.

ಇಪ್ಪತ್ತನಾಲ್ಕನೇ ದಿನ ಬೀದಿಯ ಇಬ್ಬರು ಹೆಂಗಸರು ಕಾಲು ಸೂಪು ತಂದು ಕೂತಿದ್ದಾಗ ಸೋಮಶೇಖರ್ ಬಂದರು. ಹೊದಿಕೆಯ ಅಂಚಿನಲ್ಲಿ ದಿಂಬಿನ ಮೂಲೆ ಕಂಡಿತು.

"ಯಾರಿಟ್ಟಿದ್ದು ಇದ್ನ?" ದನಿ ಮನೆಯೆಲ್ಲ ಗುಡುಗಿತು. "ಇಷ್ಟ್ ದಿನ ನಾನು ಬಾಯಿ ಬಡ್ಕೊಂಡಿದ್ದು ಗೋಡೆಗಾ? ಬುದ್ಧಿ ಇಲ್ವಾ ನಿಮಗೆ?"

ಸೂಪು ತಂದವರಲ್ಲಿ ಒಬ್ಬಳು ಕಿಸಕ್ಕೆಂದಳು. "ಏನ್ ಶಾಂತಕ್ಕಾ, ಡ್ರೈವರ್ರು ಕಟ್ಕಂಡ್ ಗಂಡನ್ಗಿಂತ ಜೋರ್ ಮಾಡ್ತಾರಲ್ಲ!"

ಆ ಮಾತು ಕೆಂಡದಂತೆ ಸುಟ್ಟಿತು. ಮೂವತ್ತಾರು ವರ್ಷ ಒಬ್ಬರ ಬಾಯಿಗೂ ಸಿಗದ ಹಾಗೆ ಬದುಕಿದ್ದಳು ಅವಳು!

"ಸಾಕು!" ಶಾಂತಲಾ ಕಿರುಚಿದಳು. "ನೆಟ್ಟಗೆ ನಾಲ್ಕು ಹೆಜ್ಜೆ ಇಡೋಕೆ ಬರದ ಕುಂಟ, ನನಗೆ ನಡಿಗೆ ಕಲಿಸೋಕೆ ಬಂದಿದೀರಾ? ಇನ್ನು ಈ ಬಾಗಿಲಿಗೆ ಬರಬೇಡಿ!"

ಸೂಪು ತಂದವರು ಪಾತ್ರೆ ಎತ್ತಿಕೊಂಡು ಎದ್ದರು.

ಸೋಮಶೇಖರ್ ದಿಂಬನ್ನು ಕುರ್ಚಿಯ ಮೇಲಿಟ್ಟರು. ತಂದಿದ್ದ ಐಸನ್ನು ಕಿಟಕಿಯ ಮೇಲಿಟ್ಟರು.

"ಸರಿ ಟೀಚರ್," ಎಂದಷ್ಟೇ ಹೇಳಿ ಹೊರಟರು.

ಎರಡು ದಿನ ಯಾರೂ ಗದರಲಿಲ್ಲ. ದಿಂಬು ಹಗಲೂ ರಾತ್ರಿ ಮಂಡಿಯ ಕೆಳಗಿತ್ತು. ಆದರೂ ಶಾಂತಲಾಗೆ ಹಿತವೆನಿಸಲಿಲ್ಲ. ಹತ್ತು ಗಂಟೆಯಾದರೆ ಕಿವಿ ಬಾಗಿಲ ಕಡೆಗೇ ಇರುತ್ತಿತ್ತು. ಅದಕ್ಕೂ ಕೋಪವೇ ಬಂತು!

ಮೂರನೇ ದಿನ ಪವಿತ್ರ ಸ್ಕೂಟರಿನಲ್ಲಿ ಬಂದಳು. ಮಂಡಿಗೆ ಅಳತೆಯ ಪಟ್ಟಿ ಇಟ್ಟು ನೋಡಿದವಳ ಮುಖ ಸಣ್ಣದಾಯಿತು.

"ಆಂಟಿ... ನೇರ ಆಗೋಕೆ ಇನ್ನೂ ಹದಿನೈದು ಡಿಗ್ರಿ ಬಾಕಿ. ಹೋದ ವಾರ ಎಂಟೇ ಇತ್ತಲ್ಲ? ದಿಂಬು ಇಟ್ಟಿದ್ರಾ?"

ಶಾಂತಲಾ ಮಂಚದ ಮೂಲೆಯ ದಿಂಬಿನ ಕಡೆ ನೋಡಿದಳು.

"ಸೋಮಶೇಖರ್ ಅಂಕಲ್ ಎಡಗಾಲು ನೋಡಿದೀರಾ? ನಾಲ್ಕು ವರ್ಷದ ಹಿಂದೆ ಅವರದ್ದೂ ಇದೇ ಆಪರೇಷನ್. ಹೆಂಡತಿ ತೀರ್ಕೊಂಡಿದ್ರು, ಅವರಕ್ಕನೇ ನೋಡ್ಕೊಂಡ್ರು. ತುಂಬಾ ಪ್ರೀತಿ. ಎರಡು ತಿಂಗಳು ಮಂಡಿ ಕೆಳಗೆ ದಿಂಬು ಇಟ್ಟು, ಎಬ್ಬಿಸದೆ ಸಾಕಿದ್ರು. ನನ್ನ ಹತ್ರ ಬರೋ ಹೊತ್ತಿಗೆ ಕಾಲು ಮಡಚಿದ ಕಡೆಯೇ ಬಿಗಿದು ಹೋಗಿತ್ತು. ಅದು ಇನ್ನು ನೆಟ್ಟಗಾಗೋದು ಕಷ್ಟ ಆಂಟಿ."

"ಅಕ್ಕನಿಗೆ ಅವರು ಏನೂ ಅನ್ನಲಿಲ್ವಾ?"

"ಒಂದು ಮಾತೂ ಅಂದಿಲ್ಲ. ಅವರಕ್ಕ ತೀರ್ಕೊಳ್ಳೋ ತನಕ 'ನೀನು ನೋಡ್ಕೊಂಡಿದ್ದಕ್ಕೇ ನಡೀತಿದೀನಿ' ಅಂತಿದ್ರು."

'ಕುಂಟ ಅಂದೆನಲ್ಲ... ಆ ಬಾಯಿಗೆ ಹುಳ ಬೀಳ!'

ಆ ರಾತ್ರಿ ಚಿಕ್ಕಬೀರಮ್ಮ ದಿಂಬು ತಂದಾಗ ಶಾಂತಲಾ ಅವಳ ಕೈ ಹಿಡಿದುಕೊಂಡಳು.

"ಬೀರಿ, ನಿನ್ನಷ್ಟು ಪ್ರೀತಿಯಿಂದ ನನ್ನ ಯಾರೂ ನೋಡ್ಕೊಂಡಿಲ್ಲ ಕಣೆ. ಆದರೆ ಇದು ಬೇಡ. ನಾನು ಬೈದರೂ, ಅತ್ತರೂ ಕೊಡಬೇಡ."

"ನೋವಾಯ್ತದಲ್ಲ ಅತ್ಗೆ?"

"ಆಗಲಿ. ನನಗೆ ಕಾಲು ಬೇಕು."

ಮರುದಿನದಿಂದ ಹಲ್ಲು ಕಚ್ಚಿ ಹಿಡಿದಳು. ಯಾರಿಲ್ಲದಿದ್ದರೂ ಇಲವಾಲ, ಬಿಳಿಕೆರೆ, ಹುಣಸೂರು ಎಂದು ತಾನೇ ಕೂಗಿಕೊಂಡಳು. ಪಿರಿಯಾಪಟ್ಟಣದ ಹೊತ್ತಿಗೆ ಬೆವರು, ಬೈಲಕುಪ್ಪೆಯಲ್ಲಿ ಕಣ್ಣೀರು. ಕೋಪಕ್ಕೆ ಗುರಿ ಬೇಕಲ್ಲ? ತನ್ನನ್ನು ಬೈದುಕೊಂಡಳು. ಕಾಗದ ಬರೆಯಲು ಹೊರಟ ತಮ್ಮನನ್ನು ಬೈದಳು. ಎಲ್ಲಕ್ಕಿಂತ ಹೆಚ್ಚು, ಬಾರದೇ ಕೂತ ಆ ಡ್ರೈವರನ್ನು!

'ಬರಬೇಡ ಅಂದ್ರೆ ಬರದೇ ಇರೋದಾ? ಇಷ್ಟು ದಿನ ನಾನು ಹೇಳಿದ ಯಾವ ಮಾತು ಕೇಳಿದ್ದರು, ಇದೊಂದನ್ನು ಕೇಳೋಕೆ?'

ನಲವತ್ತನೇ ದಿನ, ಮಧ್ಯಾಹ್ನ. ವಾಕರ್ ಬಿಟ್ಟು ಊರುಗೋಲಿಗೆ ಬಂದು ಮೂರು ದಿನವಾಗಿತ್ತು. ಶಾಂತಲಾ ನೀಲಿ ಅಂಚಿನ ಸೀರೆ ಉಟ್ಟು ತಲೆಬಾಗಿಲಿಗೆ ಬಂದಳು.

ಎದುರಿಗೆ ಹೊಸ್ತಿಲು. ಮುಕ್ಕಾಲು ಅಡಿ ಎತ್ತರದ ಹಳೇ ಮರದ್ದು, ಅರಿಸಿನ ಕುಂಕುಮ ಹಚ್ಚಿದ್ದು. ಆ ಮನೆಯಲ್ಲಿ ಹುಟ್ಟಿದವರು ಯಾರೂ ಅದನ್ನು ಮೆಟ್ಟಿದವರಲ್ಲ. ದಾಟಬೇಕೆಂದರೆ ಮಂಡಿ ಮಡಚಿ ಕಾಲೆತ್ತಲೇಬೇಕು.

"ಅತ್ಗೇ, ಮಣೆ ಹಾಕ್ತೀನಿ ತಡೀರಿ! ಎಲ್ಲಿಗೆ?"

"ಬೇಡ. ಜಗಳಕ್ಕೆ!"

ಎಡಗಾಲು ದಾಟಿತು. ಚೌಕಟ್ಟು ಹಿಡಿದು, ಉಸಿರು ಬಿಗಿಹಿಡಿದು ಬಲಗಾಲು ಎತ್ತಿದಳು. ಮಂಡಿ ಸಿಡಿದಂತಾಯಿತು... ಮಡಚಿತು... ಸೀರೆಯ ಅಂಚು ಹೊಸ್ತಿಲನ್ನು ಸವರಿತು, ಪಾದ ಸವರಲಿಲ್ಲ!

ಹಿಂದಿನಿಂದ ಚಿಕ್ಕಬೀರಮ್ಮ ಅಳುತ್ತಿರುವುದು ಕೇಳಿಸಿತು. ತಿರುಗಿ ನೋಡಿದರೆ ತಾನೂ ಅತ್ತೇನೆಂದು ಅವಳು ತಿರುಗಲಿಲ್ಲ.

ಡೈರಿಯ ಹಿಂದಿನ ಬೀದಿಯಲ್ಲಿದ್ದ ಸೋಮಶೇಖರ್ ಮನೆಗೆ ಇನ್ನೂರು ಹೆಜ್ಜೆ. ಎರಡು ಕಡೆ ನಿಂತು ಉಸಿರು ತೆಗೆದುಕೊಂಡಳು. ಹಾಲಿನ ಕ್ಯಾನು ತೊಳೆಯುತ್ತಿದ್ದ ಲಿಂಗಯ್ಯ ಕುರ್ಚಿ ತರಲು ಓಡಿದ. ಅವನು ಬರುವಷ್ಟರಲ್ಲಿ ಮುಂದೆ ಹೋಗಿದ್ದಳು.

"ಡ್ರೈವರ್ರೇ! ಹೊರಗೆ ಬನ್ನಿ!"

ಸೋಮಶೇಖರ್ ಮುದ್ದೆ ಕೋಲು ಹಿಡಿದೇ ಓಡಿ ಬಂದರು. ಅವಳನ್ನು ನೋಡಿದರು, ಕಾಲು ನೋಡಿದರು, ಅವಳ ಹಿಂದೆ ಯಾರಾದರೂ ಇದ್ದಾರಾ ಎಂದು ನೋಡಿದರು.

"ಒಬ್ರೇ ಬಂದ್ರಾ? ಹೊಸ್ತಿಲು?"

"ನಿಮ್ಮನ್ನ ಬೈಕೊಂಡೇ ದಾಟಿದೆ! ಹದಿನಾರು ದಿನ! ಪೇಷಂಟ್ ಬದುಕಿದ್ದಾಳಾ ಸತ್ತಳಾ ನೋಡಬೇಡವಾ? ಮಾನ ಮರ್ಯಾದೆ ಇದೆಯಾ ನಿಮಗೆ?"

"ಬರಬ್ಯಾಡ ಅಂದಿದ್ರಲ್ಲ ಟೀಚರ್."

"ದಿಂಬು ತೆಗೀಬೇಡಿ ಅಂತಲೂ ಅಂದಿದ್ದೆ! ಅದನ್ನ ಕೇಳಿದ್ರಾ?"

ಅವರು ಕುರ್ಚಿ ತಂದು ಹಿಂದೆ ಹಾಕಿದರು. ಅವಳು ಕೂರಲಿಲ್ಲ.

"ಆ ದಿನ ನಾನು ಅಂದ ಮಾತು..." ಊರುಗೋಲನ್ನು ನೆಲಕ್ಕೆ ಒತ್ತಿದಳು. "ಅನ್ನಬಾರದಿತ್ತು. ಪವಿತ್ರ ಎಲ್ಲಾ ಹೇಳಿದಳು."

"ಕುಂಟನ್ನ ಕುಂಟ ಅಂದ್ರಿ. ಅದ್ರಾಗೇನು," ಎಂದು ನಗಲು ನೋಡಿದರು. ನಗು ಬರಲಿಲ್ಲ. "ಅದ್ಕೆ ಬರ್ದೇ ಇದ್ದಿದ್ದಲ್ಲ ಕಣ್ರೀ. ಆ ಹೆಂಗ್ಸು ಗಂಡ ಅಂತ ಆಡ್ಕೊಂಡ್ಳಲ್ಲ... ಆವಾಗ ನಿಮ್ ಮುಖ ನೋಡ್ದೆ. ನನ್ನಿಂದ ನಿಮ್ಗೆ ಮಾತು ಬರ್ಬಾರ್ದು ಅನ್ನಿಸ್ತು." ಮುದ್ದೆ ಕೋಲನ್ನು ಇನ್ನೊಂದು ಕೈಗೆ ಬದಲಾಯಿಸಿದರು. "ಆಮೇಲೆ... ಆ ಮಾತು ಕೇಳಿ ನನಗೆ ಸಿಟ್ಟೇ ಬರ್ಲಿಲ್ಲ. ಅದು ಇನ್ನೂ ತಪ್ಪು ಅನ್ನಿಸ್ತು."

ಶಾಂತಲಾಳ ಕೆನ್ನೆ ಬಿಸಿಯಾಯಿತು. ಎಷ್ಟು ವರ್ಷವಾಗಿತ್ತು ಹೀಗಾಗಿ!

"ನನಗೆ ನಿಮ್ಮ ಮೇಲೆ ಕೋಪ ಮಾಡಿಕೊಳ್ಳದೆ ದಿನ ಹೋಗ್ತಿಲ್ಲ," ಎಂದಳು ಮೆಲ್ಲಗೆ. "ಏನು ಮಾಡಲಿ ಹೇಳಿ?"

"ಮಾಡ್ಕೊಳ್ಳಿ. ದಿನಾ ಮಾಡ್ಕೊಳ್ಳಿ... ನಿಮಗೆ ಒಪ್ಪಿಗೆ ಆದ್ರೆ, ಇಲ್ಲೇ ಇದ್ದು ಮಾಡ್ಕೊಳ್ಳಿ. ನಾನು ಮಂಚಯ್ಯನ ತಾವ ಬಂದು ಕೇಳ್ತೀನಿ."

"ಅವನನ್ನ ಯಾಕೆ ಕೇಳ್ತೀರಿ? ಕಾಲು ನಂದು."

"ಕಾಲು ನಿಮ್ದೇ," ಅವರ ಕಣ್ಣು ತುಂಬಿತ್ತು. "ಜೀವ?"

"ಅದೂ ನಂದೇ. ಅದನ್ನ ನಾನೇ ಕೊಡ್ತಿದೀನಿ, ತಗೊಳ್ತೀರಾ ಇಲ್ವಾ?"

ಅವರು ಹೂಂ ಎನ್ನುವಂತೆ ತಲೆಯನ್ನಷ್ಟೇ ಆಡಿಸಿದರು, ಎರಡು ಸಲ.

"ಸೋಮವಾರದಿಂದ ನಾನು ಅಂಗನವಾಡಿಗೆ ಹೋಗ್ತೀನಿ. ಡಾಕ್ಟರು ಏನಾದರೂ ಅನ್ನಲಿ," ಎಂದಳು ಶಾಂತಲಾ.

"ಡಾಕ್ಟ್ರು ಹೂಂ ಅಂದ್ಮೇಲೆ."

"ನೋಡಿ, ಶುರುವಾಯ್ತು ನಿಮ್ಮ ಜೋರು!"

"ಕೂತ್ಕೊಳ್ಳಿ. ಕಾಲು ಊದ್ಕೊಂಡದೆ."

ಈ ಸಲ ಅವಳು ಕೂತಳು. ಅವರು ಎಡಗಾಲೆಳೆಯುತ್ತಾ ಒಳಗೆ ಹೋದರು. ಒಲೆಯ ಪಕ್ಕದಲ್ಲಿ ಒಬ್ಬರಿಗೆ ಆಗುವಷ್ಟೇ ಅಡುಗೆ ಇತ್ತು. ಮುದ್ದೆಯನ್ನು ಎರಡು ಮಾಡಿದರು, ದೊಡ್ಡದನ್ನು ತಟ್ಟೆಗೆ ಹಾಕಿ ಹುರಳಿ ಬಸ್ಸಾರು ಬಡಿಸಿದರು. ತಟ್ಟೆಯ ಅಡಿಯ ಬಿಸಿ ಅವಳಿಗೆ ತಾಗದಂತೆ ತಮ್ಮ ಹೆಗಲ ಟವೆಲನ್ನು ಮಡಿಸಿ ಅದರ ಕೆಳಗೆ ಹಿಡಿದು, ಅವಳ ಕೈಗೆ ಕೊಟ್ಟರು.